ತೊಟ್ಟಿಲ ಗಾಡಿ

ನಮ್ಮ ಗೋಕಾಕ ಭಾಗದಲ್ಲಿ ಹೊಸ ಪಿಕಪ್ ತಂದವರು ಪೂಜೆಗಿಂತ ಮೊದಲು ಗ್ಯಾರೇಜಿಗೆ ಹೋಗುತ್ತಾರೆ. ಗಾಡಿಯ ಭಾರ ಹೊರುವ ಉಕ್ಕಿನ ಪಾಟಾಗಳ ಜೊತೆ ಇನ್ನೆರಡು ಪಾಟಾ ಸೇರಿಸಿ ಬಿಗಿಸುತ್ತಾರೆ. ಖಾಲಿ ನಿಂತಾಗ ಗಾಡಿಯ ಹಿಂಭಾಗ ಮೇಲೆದ್ದಿರಬೇಕು, ಇಲ್ಲದಿದ್ದರೆ ಅದು ಗಾಡಿಯೇ ಅಲ್ಲ. ಕಂಪನಿಯವರಿಗೇನು ಗೊತ್ತು ಕಬ್ಬಿನ ತೂಕ ಎನ್ನುವುದು ನಮ್ಮ ಮಾವ ಗುರುಲಿಂಗಪ್ಪನವರ ವಾದ. ಮೊಳಕಾಲು ಕೈಕೊಡುವವರೆಗೂ ನಮ್ಮ ಪಿಕಪ್ ಓಡಿಸಿದವರು ಅವರೇ. ಈಗ ಸೊಸೆಯಾದ ನಾನು ಓಡಿಸುತ್ತೇನೆ. ಕಬ್ಬು ಹೇರುವುದನ್ನು ಬಿಟ್ಟು ಎಷ್ಟೋ ದಿನವಾಯಿತು, ಈಗ ಹೇರುವುದೆಲ್ಲ ಎಮ್ಮೆ, ಆಕಳು. ಆದರೆ ಪಾಟಾ ಮಾತ್ರ ಕಬ್ಬಿನ ಕಾಲದ್ದೇ ಇತ್ತು.

ಹೋದ ವರ್ಷ ಮಸಗುಪ್ಪಿಯ ಯಮನವ್ವನ ಗಬ್ಬದ ಎಮ್ಮೆಯನ್ನು ಘಟಪ್ರಭಾದ ದನದ ಡಾಕ್ಟರ ಹತ್ತಿರ ಒಯ್ದೆವು. ಗಾಡಿ ಮಾವನ ಕೈಯಲ್ಲಿತ್ತು, ನಾನು ಹಿಂದೆ ಹಗ್ಗ ಹಿಡಿದು ನಿಂತಿದ್ದೆ. ಹೊಲದ ದಾರಿಯ ಕೊರಕಲಿನಲ್ಲಿ ಗಾಡಿ ನನ್ನನ್ನೂ ಎಮ್ಮೆಯನ್ನೂ ಎತ್ತಿ ಒಗೆಯಿತು. ಎಮ್ಮೆ ಮುಂಗಾಲೂರಿ ಬಿತ್ತು. ಸಂಜೆಗೆ ಕಂದು ಹಾಕಿತು, ಕರು ಉಳಿಯಲಿಲ್ಲ. ಊರವರು ದೃಷ್ಟಿ ತಾಗಿತು ಎಂದರು, ಮಾವನೂ ಹೌದೆಂದರು. ನನಗೆ ಮೈಯೆಲ್ಲ ಉರಿದುಹೋಯಿತು. ಆ ಏಟು ನನ್ನ ಬೆನ್ನಿಗೂ ಬಿದ್ದಿತ್ತು. ದೃಷ್ಟಿ ಯಾರ ಬೆನ್ನಿಗೂ ಹಾಗೆ ಹೊಡೆಯುವುದಿಲ್ಲ, ಹೊಡೆದದ್ದು ಬಗ್ಗದ ಆ ಪಾಟಾ.

ಈ ಬೇಸಿಗೆಯಲ್ಲಿ ಆ ಪಾಟಾ ಮುರಿಯಿತು. ಮತ್ತೆ ಅಂಥದ್ದನ್ನೇ ಬಿಗಿಸು ಎಂದರು ಮಾವ. ನಾನು ಹೂಂ ಎನ್ನದೆ ಹುಕ್ಕೇರಿಗೆ ಹೋದೆ. ಅಲ್ಲಿ ಕಚ್ಚಾ ರಸ್ತೆಯ ಜೀಪುಗಳಿಗೆ ಬೇರೆ ಪಾಟಾ, ಕುಲುಕು ತಡೆಯುವ ಬೇರೆ ಶಾಕಪ್ಸರ್ ಹಾಕಿಕೊಡುವ ಅಂಗಡಿ ಇದೆ. ಅಂಗಡಿಯ ಅಭಿಷೇಕ ಕೆಂಪು ಬಣ್ಣದ ಸೆಟ್ಟೊಂದನ್ನು ಮುಂದಿಟ್ಟ.

"ಇದನ್ನ ಹಾಕ್ಸ್ರಿ ಅಕ್ಕಾರ. ಗಾಡಿ ನಾಕ ಇಂಚ ಮ್ಯಾಲ ಏರತೈತಿ. ರೋಡಿನಾಗ ಎಲ್ಲಾರೂ ತಿರಗಿ ನೋಡ್ತಾರ."

"ನೋಡಾವ್ರ ಸಲುವಾಗಿ ನಾ ಗಾಡಿ ಹೊಡ್ಯಾಂಗಿಲ್ಲ. ಎತ್ತರ ಆದ್ರ ತಿರುವಿನ್ಯಾಗ ಎಮ್ಮಿ ಹೊಯ್ದಾಡತೈತಿ. ಗಾಲಿ ತಗ್ಗಿನ್ಯಾಗ ಇಳೀಬೇಕು, ಎಮ್ಮಿ ನಿಂತಲ್ಲೇ ನಿಂತಿರಬೇಕು. ಅಂಥಾದ್ದು ಐತೇನು?"

ಅವನು ತಲೆ ಕೆರೆದುಕೊಂಡು ಮೂಲೆಯಿಂದ ಇನ್ನೊಂದು ಸೆಟ್ ಎಳೆದ. ಉದ್ದನೆಯ ತೆಳು ಪಾಟಾ, ದಪ್ಪ ಶಾಕಪ್ಸರ್, ಬಣ್ಣ ಕಪ್ಪು. "ಆದ್ರ ಇದು ಭಾಳ ವಜ್ಜಿ ಹೇರಿದ್ರ ತಡ್ಯಾಂಗಿಲ್ರಿ," ಎಂದ.

ಎರಡೂ ಬಗೆ ಹಾಕಿಸಿಕೊಂಡ ಪಿಕಪ್‌ಗಳು ಅಂಗಡಿಯ ಮುಂದೇ ಇದ್ದವು. ನಾನು ಒಂದು ಕೊಡ ನೀರು ತರಿಸಿ, ಒಂದೊಂದರ ಹಿಂದೆಯೂ ಇಟ್ಟು, ಪಕ್ಕದ ರಂಟೆ ಹೊಡೆದ, ಹೆಂಟೆ ತುಂಬಿದ ಹೊಲದಲ್ಲಿ ಓಡಿಸಿ ನೋಡಿದೆ.

"ತುಂಬಿದ ಕೊಡ ತುಳುಕಂಗಿಲ್ಲ ಅಂತಾರಲ್ರಿ ಅಕ್ಕಾರ," ಎಂದು ಅಭಿಷೇಕ ನಕ್ಕ.

"ನಿನ್ನ ಕೆಂಪು ಪಾಟಾದ ಮ್ಯಾಲ ತುಳುಕಲಿಲ್ಲಪಾ, ಕೊಡಾನ ಉಳ್ಳಾಡ್ತು."

ಕಪ್ಪು ಪಾಟಾದ ಗಾಡಿಯಲ್ಲಿ ಅಂಚಿನ ನೀರಷ್ಟೇ ಚೆಲ್ಲಿತು. ಅದನ್ನೇ ಹಾಕಿಸಿಕೊಂಡು ಮನೆಗೆ ಬಂದೆ.

ಮಾವ ಹಿಂದಿನ ಹಲಗೆಯನ್ನು ಒಂದೇ ಕೈಯಿಂದ ಒತ್ತಿದರು. ಗಾಡಿ ಮೆಲ್ಲಗೆ ಇಳಿದು ಮೆಲ್ಲಗೆ ಎದ್ದಿತು. ಅವರಿಗೆ ಅಷ್ಟೇ ಸಾಕಾಯಿತು. ಚಹಾದಂಗಡಿಯ ಮುಂದೆ ಹತ್ತು ಮಂದಿ ಕೇಳುವಂತೆ ಹೇಳಿದರು: "ಸೊಸಿ ತೊಟ್ಟಿಲ ಕಟ್ಟಿಸ್ಯಾಳ. ಇನ್ನ ಜೋಗುಳ ಹಾಡೂದೊಂದ ಬಾಕಿ. ನಾ ಅಂತೂ ಇದನ್ನ ಹತ್ತಾಂಗಿಲ್ಲ."

ಮಂದಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಮರುದಿನ ನಾನು ಪೇಂಟರನನ್ನು ಕರೆಸಿದೆ. ಬೇರೆ ಗಾಡಿಗಳ ಮೇಲೆ 'ತಾಯಿಯ ಆಶೀರ್ವಾದ' ಎಂದಿರುವ ಜಾಗದಲ್ಲಿ, ಗೇಣುದ್ದದ ಅಕ್ಷರಗಳಲ್ಲಿ 'ತೊಟ್ಟಿಲು' ಎಂದು ಬರೆಸಿದೆ. ಅದೇ ಚಹಾದಂಗಡಿಯ ಮುಂದೆ ನಿಲ್ಲಿಸಿ ಚಹಾ ಕುಡಿದೆ. ನಗುವವರು ನಗಲಿ.

ಶ್ರಾವಣದಲ್ಲಿ ಹೊಳೆ ಏರಿತು. ದನಕರು ಸಾಗಿಸಿರಿ ಎಂದು ಮಸಗುಪ್ಪಿಯಲ್ಲಿ ಮೈಕಿನಲ್ಲಿ ಸಾರಿದರು. ಯಮನವ್ವ ಫೋನು ಮಾಡಿದಳು. ಅವಳ ಎಮ್ಮೆ ಮತ್ತೆ ಗಬ್ಬವಾಗಿತ್ತು, ದಿನ ತುಂಬಿತ್ತು. ಮೂಡಲಗಿಯ ಮಗಳ ಮನೆಗೆ ಮುಟ್ಟಿಸಬೇಕು. ದಾರಿ ಮಾತ್ರ ಅದೇ, ಹೋದ ವರ್ಷದ ಕೊರಕಲಿನ ದಾರಿ.

ನಾನು ಹೋಗುವಷ್ಟರಲ್ಲಿ ಮಾವ ಅಲ್ಲಿದ್ದರು. ಯಮನವ್ವನ ನೆರೆಮನೆಯ ಕರೆಪ್ಪ ಮಾವನ ಹಳೆಯ ಗೆಳೆಯ. ಅವನ ಗೋವಿನಜೋಳದ ಚೀಲಗಳನ್ನು ಸಾಗಿಸಲು ನಸುಕಿನಲ್ಲೇ ಯಾರದೋ ಬೈಕು ಹತ್ತಿ ಬಂದಿದ್ದರು.

"ದಾಕ್ಷಾಯಿಣಿ, ಮೊದಲ ಚೀಲ ಹೇರು. ಅದರ ಮ್ಯಾಲ ಎಮ್ಮಿ ಹತ್ತಸು. ಒಂದ ಖೇಪಿನ್ಯಾಗ ಮುಗೀತೈತಿ," ಎಂದರು ಮಾವ.

"ಆಗಂಗಿಲ್ರಿ ಮಾವಾರ. ಅಷ್ಟು ವಜ್ಜಿ ಹಾಕಿದ್ರ ಪಾಟಾ ಕೂತು ಗಾಡಿ ಒದಿತೈತಿ. ಮೊದಲ ಎಮ್ಮಿ. ಚೀಲ ಮುಂದಿನ ಖೇಪಿಗೆ."

"ಅದಕ್ಕ ಹೇಳಿದ್ದೆ, ಪಾಟಾ ಏರಸು ಅಂತ. ಅಷ್ಟರಾಗ ನೀರ ಬಂದು ಕಾಳ ಹೋದ್ರ?"

"ಕಾಳು ಮುಂದಿನ ವರ್ಷ ಬೆಳೀತಾವು. ಹೋದ ವರ್ಷದ ಕರಾ ಎಲ್ಲೈತ್ರಿ?"

ಮಾವನ ಮುಖ ಕಪ್ಪಿಟ್ಟಿತು. ಹಿರಿಯರ ಮುಂದೆ ಹಾಗೆ ಆಡಬಾರದು ಎಂದು ನನಗೆ ಗೊತ್ತು. ಆದರೂ ಆಡಿದೆ, ಹಿಂದೆಗೆಯಲಿಲ್ಲ. ಕರೆಪ್ಪನೇ ನಡುವೆ ಬಂದ: "ಚೀಲ ಮಾಳಿಗಿ ಮ್ಯಾಲ ಏರಸ್ತೀನಿ ಬಿಡೋ ಗುರುಲಿಂಗಾ. ಆ ಜೀವ ಮೊದಲ ಹೋಗ್ಲಿ."

ಎಮ್ಮೆಯನ್ನು ಹತ್ತಿಸಿದೆವು. ಯಮನವ್ವ ಮುಂದೆ ಕೂತಳು. "ಹಗ್ಗ ಹಿಡ್ಯಾಕ ಒಬ್ರ ಬೇಕು," ಎಂದೆ, ಯಾರ ಮುಖವನ್ನೂ ನೋಡದೆ. ಹಿಂದೆ ಹಲಗೆಯ ಸದ್ದಾಯಿತು. ಕನ್ನಡಿಯಲ್ಲಿ ನೋಡಿದರೆ, ಮೊಳಕಾಲು ಹಿಡಿದುಕೊಂಡು ಮಾವ ಹತ್ತುತ್ತಿದ್ದರು.

ಕೊರಕಲು ಬಂತು. ಅದರ ತುಂಬ ಕೆಂಪು ನೀರು, ಆಳ ಕಾಣದು. ನಾನು ಗೇರು ಇಳಿಸಿದೆ. ಹಟದಿಂದ ಹೆಸರು ಬರೆಸಿದ್ದೆ, ಹಟ ಎಮ್ಮೆಯನ್ನು ಕಾಯುತ್ತದೆಯೇ? ಕನ್ನಡಿಯಲ್ಲಿ ಮಾವ ಎಮ್ಮೆಯ ಕೊರಳು ತಬ್ಬಿ ಕಣ್ಣು ಮುಚ್ಚಿದ್ದರು. ಏಟಿಗೆ ಕಾದು ನಿಂತಿದ್ದರು. ಗಾಲಿ ಇಳಿಯಿತು. ಗಾಡಿ ಒಮ್ಮೆ ತೂಗಿ, ನಿಧಾನ ಎದ್ದು, ಆಚೆ ದಾಟಿತು. ಮಾವ ಕಣ್ಣು ತೆರೆದು ಹಿಂದಿನ ದಾರಿಯನ್ನು ನೋಡಿದರು.

ಮೂಡಲಗಿಯಲ್ಲಿ ಎಮ್ಮೆ ಇಳಿಸಿದ ಮೇಲೆ ಯಮನವ್ವ ಅದರ ಹೊಟ್ಟೆಗೆ ಅಂಗೈ ಹಚ್ಚಿ ನಿಂತಳು. ಬಹಳ ಹೊತ್ತಾದ ಮೇಲೆ ಅವಳು ಮಾವನ ಕೈ ಎಳೆದು ಅಲ್ಲೇ ಇಟ್ಟಳು.

"ನೋಡೋ ಯಪ್ಪಾ. ಒದಿಯಾಕತ್ತೈತಿ."

ಮಾವ ಕೈ ತೆಗೆಯಲು ತಡಮಾಡಿದರು. ಕುಂಟುತ್ತ ಬಂದು ನನ್ನ ಬಾಜೂ ಕೂತು ಬಾಗಿಲು ಎಳೆದುಕೊಂಡರು.

"ಮಸಗುಪ್ಪ್ಯಾಗ ಪಾರವ್ವನ ಆಕಳೂ ಗಬ್ಬ ಐತಿ, ಅಲ್ಲೇ ಉಳದೈತಿ," ಎಂದರು. "ತೊಟ್ಟಿಲ ತಿರಗಸು."