ಉದ್ದ ಕಾಲಿನ ಕೊಕ್ಕೆ

ಗೋಡೆಯ ತುಂಬ ಕೊಕ್ಕೆಗಳು, ಸಣ್ಣ ಪ್ಲಾಸ್ಟಿಕ್ ಚೀಲಗಳೊಳಗೆ ಮಿನುಗುತ್ತ, ಫ್ಯಾನು ಈ ಕಡೆ ತಿರುಗಿದಾಗಲೆಲ್ಲ ಒಟ್ಟಿಗೆ ಚರಚರ ಎನ್ನುತ್ತವೆ, ಇಷ್ಟೊಂದು ಬಗೆ ಇರುತ್ತವೆಂದು ಯಾರು ಕಂಡಿದ್ದರು, ಹೋದ ಭಾನುವಾರದವರೆಗೆ ಅವನಿಗೆ ಕೊಕ್ಕೆ ಅಂದರೆ ಕೊಕ್ಕೆ, ಅಷ್ಟೇ, ಮೂಲೆ ಅಂಗಡಿಯಲ್ಲಿ ಇದ್ದುದರಲ್ಲೇ ಚಿಕ್ಕದನ್ನು ಆರಿಸಿ ತಂದಿದ್ದ, ಅಂಗೈಯಗಲದ ಮೀನಿಗೆ ಚಿಕ್ಕ ಬಾಯಿ, ಚಿಕ್ಕ ಬಾಯಿಗೆ ಚಿಕ್ಕ ಕೊಕ್ಕೆ, ಆಹಾ, ಏನು ಲೆಕ್ಕ, ಏನು ಬುದ್ಧಿ — ಚಿಕ್ಕದಾದ್ರೆ ಸೀದಾ ಗಂಟಲಿಗೇ ಇಳಿದುಬಿಡುತ್ತೆ ಸರ್, ಅಂಗಡಿಯವನು ಬೆನ್ನ ಹಿಂದಿನಿಂದ ಹೇಳುತ್ತಾನೆ, ಉದ್ದ ಕಾಲಿಂದು ತಗೊಳ್ಳಿ, ಈ ನೆಟ್ಟಗಿನ ಕಡ್ಡಿ ಮೀನಿನ ತುಟಿಯಿಂದ ಆಚೆ ಉಳಿಯುತ್ತೆ, ಹಿಡಿದು ಒಂಚೂರು ತಿರುಗಿಸಿದ್ರೆ ಬಂದುಬಿಡುತ್ತೆ. ಬಂದುಬಿಡುತ್ತಂತೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಿದ್ದಳು ಅವನ ಅಜ್ಜಿ, ಅವನಿಗಂತೂ ಒಲೆ ಯಾವಾಗಲೂ ಅಟ್ಟ ಮೇಲೇ ಉರಿದದ್ದು. ಉದ್ದ ಕಾಲಿನ ಚೀಲವೊಂದನ್ನು ಕಿತ್ತು ಕೈಯಲ್ಲಿ ಹಿಡಿಯುತ್ತಾನೆ, ಬೆಳಗ್ಗೆಯಿಂದ ಲಿಫ್ಟಿನ ಹಗ್ಗಕ್ಕೆ ಗ್ರೀಸು ಬಳಿದ ಬೆರಳು, ಸೋಪಿಗೂ ಹೋಗದ ಕಪ್ಪು, ಚೀಲದ ಮೇಲೆ ಹೆಬ್ಬೆಟ್ಟು ಒತ್ತಿದ ಹಾಗೆ ಗುರುತು ಬೀಳುತ್ತದೆ, ಇನ್ನು ಕೊಳ್ಳದೆ ವಿಧಿಯಿಲ್ಲ. ನಾಳೆ ಭಾನುವಾರ. ಭಾನುವಾರ ಮಗಳು ಅವನವಳು, ಬೆಳಗ್ಗೆಯಿಂದ ಸಂಜೆವರೆಗೆ, ಉಳಿದ ದಿನವೆಲ್ಲ ಅವಳಮ್ಮನವಳು, ಹಾಗೆಂದು ದೊಡ್ಡವರು ಕೂತು ತೀರ್ಮಾನಿಸಿದ್ದಾರೆ, ಅವನೂ ಕೂತಿದ್ದ, ತಲೆಯಾಡಿಸಿದ್ದ. ಆದರೆ ನಾಳೆ ಬರುತ್ತೇನೆಂದು ಅವಳು ಹೇಳಿಲ್ಲ, ಬರುವುದಿಲ್ಲ ಎಂದೂ ಹೇಳಿಲ್ಲ, ವಾರವಿಡೀ ಒಂದು ಫೋನೂ ಇಲ್ಲ, ಪ್ರತಿ ಬುಧವಾರ ಮಾಡುವವಳು, ಅಪ್ಪಾ ಇವತ್ತು ಯಾರು ಲಿಫ್ಟಲ್ಲಿ ಸಿಕ್ಕಿಹಾಕ್ಕೊಂಡ್ರು ಎಂದು ಕೇಳುವವಳು.

ಈ ಬುಧವಾರ ಕೇಳಿದ್ದರೆ ಹೇಳಲಿಕ್ಕೆ ಒಳ್ಳೆಯ ಕಥೆ ಇತ್ತು, ಮೂರು ಮತ್ತು ನಾಲ್ಕನೆಯ ಮಹಡಿಯ ನಡುವೆ ಒಬ್ಬ ದಪ್ಪನೆಯ ಹೆಂಗಸು, ಕೈಯಲ್ಲಿ ಹೂಕುಂಡ, ಬಾಗಿಲು ಮೊಳದಷ್ಟು ತೆರೆದಾಗ ಮೊದಲು ಹೂಕುಂಡ ತಗೊಳ್ಳಪ್ಪಾ ಎಂದಿದ್ದಳು, ಮಗಳು ಬಿದ್ದು ಬಿದ್ದು ನಗುತ್ತಿದ್ದಳು. ಹೆದರಬೇಡಿ, ಯಾವ ಬಟನ್ನೂ ಒತ್ತಬೇಡಿ, ನಾನಿದ್ದೀನಿ — ಎಷ್ಟು ಸಾವಿರ ಸಲ ಹೇಳಿದ್ದಾನೆ ಈ ಮಾತು, ಕತ್ತಲ ಸಂದಿಗೆ ಬಾಯಿಟ್ಟು, ಹೇಳಿದ ಮೇಲೆ ಬಾಗಿಲು ತೆಗೆದೂ ಇದ್ದಾನೆ, ಒಬ್ಬರೂ ಒಳಗೆ ಉಳಿದದ್ದಿಲ್ಲ, ಆ ಕೈಗೆ ಒಂದು ಮೀನಿನ ಬಾಯಿಂದ ಕೊಕ್ಕೆ ತೆಗೆಯಲಾಗಲಿಲ್ಲ. ಹೋದ ಭಾನುವಾರ, ಕೆರೆಯ ನೀರು ಹಸಿರು, ದಾರದಲ್ಲಿ ತೇಲುವ ಬೆಂಡು ಟುಳುಕ್ ಎಂದು ಮುಳುಗಿದಾಗ ಮಗಳೇ ಎಳೆದದ್ದು, ಸಿಕ್ತು ಸಿಕ್ತು ಅಪ್ಪಾ, ಅವಳ ಬಾಳಿನ ಮೊದಲ ಮೀನು, ಹೊಟ್ಟೆ ಹಳದಿ, ಬೆನ್ನಿನ ರೆಕ್ಕೆ ಸೆಟೆದು ಅವನ ಅಂಗೈ ಚುಚ್ಚಿತು, ದಾರ ನೇರ ಬಾಯೊಳಗೆ ಹೋಗಿತ್ತು, ಕೊಕ್ಕೆ ಎಲ್ಲೂ ಕಾಣಲಿಲ್ಲ, ಮೆಲ್ಲಗೆ ಎಳೆದ, ಅದರೊಡನೆ ಇಡೀ ಮೀನೇ ಬಂತು, ಕಿವಿರಿನಿಂದ ಎಳೆಯಂತೆ ರಕ್ತ. ಅಪ್ಪಾ ತೆಗಿ. ತೆಗೀತೀನಿ ಇರು. ಅಪ್ಪಾ ಅದಕ್ಕೆ ಉಸಿರು ಕಟ್ತಿದೆ. ಇರು ಮಗಾ, ನಾನಿದ್ದೀನಲ್ಲ — ಅದೇ ಮಾತು, ನಾಲಿಗೆಗೆ ರೂಢಿಯಾದ ಮಾತು, ಜೇಬಿನ ಸ್ಕ್ರೂಡ್ರೈವರ್ ತೆಗೆದು ಬಾಯೊಳಗೆ ಹಾಕಿದ, ಥೂ, ಯಾವ ಕಟುಕನೂ ಮಾಡದ ಕೆಲಸ, ಅವಳು ನೋಡುತ್ತಲೇ ಇದ್ದಳು, ಆಮೇಲೆ ನೋಡುತ್ತ ನಿಲ್ಲಲಿಲ್ಲ, ಓಡಿದಳು, ನೀರಿಗೆ ಓಡಿ ಬೊಗಸೆ ತುಂಬಿಕೊಂಡು ಓಡಿ ಬಂದಳು, ಬರುವಷ್ಟರಲ್ಲಿ ಅರ್ಧ ಸೋರಿತ್ತು, ಉಳಿದದ್ದನ್ನು ಅವನ ಅಂಗೈಯ ಮೇಲೆ, ಮೀನಿನ ಬಾಯಿ ಮೇಲೆ ಸುರಿದಳು, ಮತ್ತೆ ಓಡಿದಳು.

ಇದು ನೋಡಿ, ತಗಡಿನ ಮೀನು, ನೀರಲ್ಲಿ ಗಿರಗಿರ ತಿರುಗುತ್ತೆ, ಅಂಗಡಿಯವನಿಗೆ ಈ ಗಿರಾಕಿಯ ಮೇಲೆ ಯಾಕೋ ಪ್ರೀತಿ ಬಂದಿದೆ, ಒಂದಾದ ಮೇಲೊಂದು ಗಾಜಿನ ಮೇಲೆ ಸುರಿಯುತ್ತಾನೆ, ಇದು ರಬ್ಬರ್ ಹುಳು, ಹಳದಿ ಇದೆ, ಕಂದು ಇದೆ, ನೀರು ಕದಡಿದ್ರೆ ಹಳದಿ, ತಿಳಿಯಿದ್ರೆ ಕಂದು, ಎರೆಹುಳು ಆದ್ರೆ ಮೀನು ಸಾವಕಾಶ ನುಂಗುತ್ತೆ, ಇದಾದ್ರೆ ಬಾಯಿಗೆ ಹಾಕಿದ ಕೂಡ್ಲೇ ರುಚಿಯಿಲ್ಲ ಅಂತ ಉಗಿಯುತ್ತೆ, ಅಷ್ಟರೊಳಗೆ ನೀವು ಎಳೀಬೇಕು. ಬೆಂಡು ಕಡ್ಡಿಯಂಥದ್ದೇ ಇರಲಿ, ಗುಂಡನೆಯದು ಬೇಡ, ಅದು ಮುಳುಗೋ ಹೊತ್ತಿಗೆ ಮೀನು ಊಟ ಮುಗಿಸಿ ಕೈ ತೊಳೆದಿರುತ್ತೆ. ಅವನು ನಗುತ್ತಾನೆ, ನಗಬೇಕಲ್ಲ, ಹೋದ ವಾರದ ಬೆಂಡು ನಿಂಬೆಹಣ್ಣಿನಷ್ಟು ಗುಂಡಗಿತ್ತು, ಕೆಂಪು ಬಿಳಿ, ಚೆಂದ ಇದೆ ಎಂದು ಮಗಳೇ ಆರಿಸಿದ್ದಳು. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ, ಅವನಿಗೆ ಎರಡೂ ಬರುವುದಿಲ್ಲ, ಹೊಟ್ಟೆಯುರಿಗೆ ಮಾತ್ರೆ ನುಂಗುತ್ತಾನೆ, ಮನೆಯುರಿಗೆ ಯಾವ ಮಾತ್ರೆಯೂ ಸಿಗಲಿಲ್ಲ, ಬಾಯಿಬಿಟ್ಟು ಒಂದು ಮಾತು ಹೇಳಿ ಸಾಕು ಎಂದು ಬಾಗಿಲಲ್ಲಿ ನಿಂತು ಅವಳು ಕೇಳಿದ್ದು, ಮಗಳ ಅಮ್ಮ, ಹೆಂಡತಿ ಎನ್ನುವಂತಿಲ್ಲ, ಅಲ್ಲ ಎನ್ನಲು ಬಾಯಿ ಬರುವುದಿಲ್ಲ, ಅವನು ಬಾಯಿ ತೆರೆದಿದ್ದ, ಮುಚ್ಚಿದ್ದ, ಅಷ್ಟೇ. ಹಳದಿಯೂ ಕೊಡಿ, ಕಂದೂ ಕೊಡಿ. ಕೊಕ್ಕೆಯ ತುದಿಯಲ್ಲಿ ಹಿಂದಕ್ಕೆ ಚಾಚಿದ ಎದುರುಮುಳ್ಳನ್ನು ಇಕ್ಕಳದಿಂದ ಅದುಮಿ ಚಪ್ಪಟೆ ಮಾಡಬಹುದಂತೆ, ಆಗ ಚರ್ಮಕ್ಕೆ ಕಚ್ಚುವುದಿಲ್ಲವಂತೆ, ಇಕ್ಕಳ ಅವನಲ್ಲೇ ನಾಲ್ಕಿವೆ, ರಾತ್ರಿ ಕೂತು ಎಲ್ಲವನ್ನೂ ಅದುಮುತ್ತಾನೆ, ನಾಳೆ ಅವಳಿಗೆ ತೋರಿಸುತ್ತಾನೆ, ನೋಡು ಮಗಾ, ಇನ್ನು ನೋಯಲ್ಲ. ಅಲ್ಲಾ, ಅವನು ಸುಮ್ಮನೆ ಕೇಳುವಂತೆ ಕೇಳುತ್ತಾನೆ, ಒಂದು ವೇಳೆ ನುಂಗಿಬಿಟ್ಟಿದ್ರೆ. ನುಂಗಿದ್ರೆ ಎಳೆಯೋಕೆ ಹೋಗಬಾರದು ಸರ್, ಬಾಯಿ ಹತ್ರ ದಾರ ಕತ್ತರಿಸಿ ನೀರಿಗೆ ಬಿಟ್ಟುಬಿಡಬೇಕು, ಎಷ್ಟೋ ಮೀನು ಕೊಕ್ಕೆ ಇಟ್ಕೊಂಡೇ ಬದುಕುತ್ತೆ. ಕತ್ತರಿಸಿ ಬಿಟ್ಟುಬಿಡಬೇಕು. ಅಷ್ಟೇ ಇದ್ದದ್ದು. ನೀರು ಹತ್ತು ಹೆಜ್ಜೆ ದೂರದಲ್ಲಿತ್ತು, ಮೀನು ಹಿಡಿದೇ ಹೋಗಿ ಕೈ ಅದ್ದಿದ್ದರೂ ಸಾಕಿತ್ತು, ಅದು ಹೊಳೆಯಲೇ ಇಲ್ಲ, ಮಗುವನ್ನು ಓಡಾಡಲು ಬಿಟ್ಟು ಒಣ ದಂಡೆಯಲ್ಲಿ ಕುಕ್ಕರಗಾಲಿನಲ್ಲಿ ಕೂತು ಎಳೆದ, ತಿರುಚಿದ, ಎಳೆದ.

ಫೋನು ಜೇಬಿನಲ್ಲಿ ನಡುಗುತ್ತದೆ, ಗ್ರೀಸಿನ ಬೆರಳಿಗೆ ಅದು ಒಂದೇ ಸಲಕ್ಕೆ ಎಂದೂ ಒಗ್ಗುವುದಿಲ್ಲ, ಕೊನೆಗೆ ಒಗ್ಗಿತು, ಮಗಳ ಅಮ್ಮ. ಕೆಲಸದಲ್ಲಿದ್ದೀರಾ. ಇಲ್ಲ, ಇಲ್ಲೇ ಅಂಗಡೀಲಿ, ಹೇಳು. ನಾಳೆ ಅವಳು ಬರಲ್ಲ ಅಂತಿದ್ದಾಳೆ, ನಾನೇನೂ ಹೇಳಿಕೊಟ್ಟಿಲ್ಲ, ದೇವರಾಣೆ. ಅವಳ ದನಿಯಲ್ಲಿ ಜಗಳವಿಲ್ಲ, ಅದಕ್ಕೇ ಭಯವಾಗುತ್ತದೆ. ಹೊಸ ಕೊಕ್ಕೆ ತಗೊಂಡಿದ್ದೀನಿ, ಮೀನಿಗೆ ನೋವಾಗಲ್ಲ ಅಂತ ಅವಳಿಗೆ ಹೇಳು, ರಬ್ಬರ್ ಹುಳು ಇದೆ, ಹಳದಿ — ಅವನು ಚೀಲಗಳನ್ನು ಎತ್ತಿ ಹಿಡಿಯುತ್ತಾನೆ, ಫೋನಿಗೆ ಕಾಣುವ ಹಾಗೆ. ಅದಲ್ಲ ರೀ, ಅವಳು ನಿಮ್ಮ ಮೇಲೆ ಸಿಟ್ಟಾಗಿಲ್ಲ. ಮತ್ತೆ. ವಾರದಿಂದ ಒಂದೇ ಮಾತು, ನೀವೇ ಕೇಳಿ, ಕೊಡ್ತೀನಿ. ಆಚೆ ಏನೋ ಸರಿದಾಡಿದ ಸದ್ದು, ಕುರ್ಚಿ, ಮೂಗೆಳೆತ, ಅಪ್ಪಾ. ಹೂಂ ಮಗಾ, ಹೇಳು ಮಗಾ, ಈ ವಾರ ಏನಾಯ್ತು ಗೊತ್ತಾ, ಲಿಫ್ಟಲ್ಲಿ ಒಬ್ಬಮ್ಮ ಹೂಕುಂಡ — ಅಪ್ಪಾ, ನಾನು ಇನ್ನೂ ಜೋರಾಗಿ ಓಡಿದ್ರೆ ಅದು ಬದುಕ್ತಿತ್ತಾ.

ಇಲ್ಲ ಎನ್ನಬೇಕು, ಇಲ್ಲ ಮಗಾ, ನಿಂದಲ್ಲ ತಪ್ಪು, ನಂದು, ನೀರು ಹತ್ತೇ ಹೆಜ್ಜೆ ಇತ್ತು, ನಾನೇ ಅದನ್ನ ಎತ್ಕೊಂಡು ಹೋಗಬಹುದಿತ್ತು, ನೀನು ಓಡಬೇಕಾಗೇ ಇರಲಿಲ್ಲ — ಮಾತೆಲ್ಲ ಸಾಲಾಗಿ ಬಂದು ಗಂಟಲಲ್ಲಿ ನಿಂತಿವೆ, ಒಂದೂ ಆಚೆ ಬರುತ್ತಿಲ್ಲ, ನುಂಗುವಂತಿಲ್ಲ, ಉಗುಳುವಂತಿಲ್ಲ, ಅಂಗಡಿಯವನು ಬೇರೆ ಯಾರಿಗೋ ದಾರ ಅಳೆಯುತ್ತಿದ್ದಾನೆ, ಫೋನಿನಲ್ಲಿ ಮಗಳ ಉಸಿರು, ಕಾಯುತ್ತಿದ್ದಾಳೆ, ಅಪ್ಪ ಹೇಳಿದರೆ ನಂಬುತ್ತಾಳೆ, ಏನು ಹೇಳಿದರೂ ನಂಬುತ್ತಾಳೆ, ಹೇಳು, ಈಗ ಹೇಳು, ಮುಂದೆ ಎಂದೂ ಆಗದು, ಬಾಯಿ ತೆರೆಯುತ್ತಾನೆ — ಕಣ್ಣೆದುರು ಅದೇ ಕೆರೆಯ ದಂಡೆ, ಅವಳು ಬರುತ್ತಿದ್ದಾಳೆ, ಮೊಣಕೈ ಪಕ್ಕೆಗೆ ಒತ್ತಿ, ನಾಲಿಗೆ ಕಚ್ಚಿ, ಕಣ್ಣು ಬೊಗಸೆಯಿಂದ ಕೀಳದೆ, ಓಡಿದರೆ ಚೆಲ್ಲುತ್ತದೆ, ನಡೆದರೆ ತಡವಾಗುತ್ತದೆ, ಬೆರಳ ಸಂದಿಯಿಂದ ಹನಿ, ಹನಿ, ಮೊಣಕಾಲಿನ ಮೇಲೆ, ಮಣ್ಣಿನ ಮೇಲೆ, ಬರುತ್ತಲೇ ಇದ್ದಾಳೆ, ಬೊಗಸೆಯಲ್ಲಿ ನೀರಿಲ್ಲ, ಆದರೂ ಕೈ ಬಿಚ್ಚಿಲ್ಲ.