ನಡುಪುಟದ ನಡು

ಇದು ಅಪ್ಪಟ ನಿಜಕಥೆ. ಇದರಲ್ಲಿ ಸುಳ್ಳು ಅಂತ ಇರುವುದು ಒಬ್ಬಳ ಸೊಂಟ ಮಾತ್ರ.

ಆ ಸೊಂಟ ಮಹಿಳೆಯರ ಪತ್ರಿಕೆಯೊಂದರ ನಡುಪುಟದಲ್ಲಿ ವಾರವಾರವೂ ಅಚ್ಚಾಗುತ್ತಿತ್ತು. ಅದನ್ನು ಕಂಪ್ಯೂಟರಿನಲ್ಲಿ ಕೆತ್ತುತ್ತಿದ್ದವಳಿಗೆ ಕಚೇರಿಯಲ್ಲಿ ಸರ್ಜನ್ ಎಂದೇ ಹೆಸರು. ಫೋಟೋದ ಹುಡುಗಿಯರ ಹೊಟ್ಟೆ ಕತ್ತರಿಸುವುದೇ ಅವಳ ಹೊಟ್ಟೆಪಾಡು. ಸಂಪಾದಕರು ಅವಳ ಕುರ್ಚಿಯ ಹಿಂದೆ ನಿಂತು, ಕರಿದ ತಿಂಡಿಯ ಪೊಟ್ಟಣದೊಳಗೆ ಕೈಯಾಡಿಸುತ್ತಾ, "ಇನ್ನೊಂಚೂರು ಒಳಗೆ ತಗೊಳ್ಳಮ್ಮ, ಇನ್ನೊಂಚೂರು" ಅನ್ನುತ್ತಿದ್ದರು. ಅವರದೇ ಅಂಗಿಯ ನಡುಗುಂಡಿ ಹೊರಗೆ ಹಾರುವ ದಾರಿ ಹುಡುಕುತ್ತಿತ್ತು. ಹೆಂಗಸರೆದುರು ತಲೆಯೆತ್ತಿ ಮಾತಾಡಲೂ ಬಾರದ ಉಪಸಂಪಾದಕ ಚಿತ್ರದ ಕೆಳಗೆ "ನಿಮ್ಮದೂ ಹೀಗಿರಬೇಡವೇ?" ಎಂದು ಬರೆದು, ಊರ ಹುಡುಗಿಯರ ನಿದ್ದೆ ಕೆಡಿಸಿ, ತಾನು ಮೇಜಿಗೆ ತಲೆಯಾನಿಸಿ ಸುಖವಾಗಿ ಗೊರಕೆ ಹೊಡೆಯುತ್ತಿದ್ದ.

ಆ ಹುಡುಗಿಯರಲ್ಲಿ ಈ ಸರ್ಜನ್‌ನ ಸ್ವಂತ ತಂಗಿಯೂ ಒಬ್ಬಳು. ಕಾಲೇಜಿಗೆ ಹೋಗುವವಳು. ನಡುಪುಟಗಳನ್ನು ಬೀರುವಿನ ಬಾಗಿಲಿಗೆ ಅಂಟಿಸಿ, ಊಟ ಬಿಟ್ಟು, ದೊಗಳೆಯಾದ ಬಟ್ಟೆಗೆ ಪಿನ್ನು ಸಿಕ್ಕಿಸಿಕೊಂಡು ಓಡಾಡುತ್ತಿದ್ದಳು. ಕಾಲೇಜಿನ ಮೆಟ್ಟಿಲ ಮೇಲೆ ತಲೆಸುತ್ತಿ ಬಿದ್ದು, ಗದ್ದಕ್ಕೆ ಹೊಲಿಗೆ ಹಾಕಿಸಿಕೊಂಡು ಬಂದ ಮೇಲೂ ತಟ್ಟೆ ಮುಟ್ಟಲಿಲ್ಲ.

"ಆ ಸೊಂಟ ನಾನು ಕೊರೆದಿದ್ದು ಕಣೇ," ಅಂದಳು ಅಕ್ಕ. "ಆ ಫೋಟೋದವಳ ಹತ್ರಾನೇ ಅದಿಲ್ಲ."

"ನಿಂಗೆ ಹೊಟ್ಟೆಕಿಚ್ಚು."

"ಕಿಚ್ಚು ಹಚ್ಚೋಕೆ ನಂಗೆ ಹೊಟ್ಟೆನಾದ್ರೂ ಇದೆ. ನಿಂದೆಲ್ಲಿ?"

ತಂಗಿ ದಢಾರನೆ ಬಾಗಿಲು ಹಾಕಿಕೊಂಡಳು.

ಬಾಯಲ್ಲಿ ಹೇಳಿದ್ದು ಇವಳ ಕಿವಿಗೆ ಹೋಗುವುದಿಲ್ಲ, ಅಚ್ಚಾಗಿಯೇ ಬರಬೇಕು ಎಂದುಕೊಂಡಳು ಅಕ್ಕ. ಮರುದಿನ ಸಂಪಾದಕರು ಇನ್ನೊಂಚೂರಿನ ರಾಗ ಎಳೆದಾಗ, "ಆಗ್ಲಿ ಸಾರ್" ಎಂದು ಸೊಂಟದಿಂದ ಇನ್ನೊಂಚೂರು ತೆಗೆದಳು. ಜೊತೆಗೆ, ಯಾರೂ ಕೇಳದ ಇನ್ನೊಂದನ್ನೂ ತೆಗೆದಳು. ಸಂಪಾದಕರು ಪುಟ ನೋಡಿದರು, ಉಪಸಂಪಾದಕ ನೋಡಿದ, ಮುದ್ರಣಾಲಯದವರೂ ನೋಡಿದರು. ಎಲ್ಲರ ಕಣ್ಣೂ ಸೊಂಟದ ಅಂಚಿನಲ್ಲೇ ಜಾರಿದ್ದರಿಂದ ನಟ್ಟನಡುವೆ ಏನು ಮಾಯವಾಗಿದೆ ಎಂದು ಒಬ್ಬರಿಗೂ ಕಾಣಲಿಲ್ಲ.

ತಂಗಿಗೂ ಅಷ್ಟೆ. ಪತ್ರಿಕೆ ಬಂದ ಕೂಡಲೇ ಪುಟ ಕಿತ್ತು ಬೀರುವಿಗೆ ಅಂಟಿಸಿ, ಕನ್ನಡಿಯ ಮುಂದೆ ಉಸಿರು ಬಿಗಿಹಿಡಿದು ಅದೇ ಭಂಗಿಯಲ್ಲಿ ನಿಂತಳು. ತಟ್ಟೆ ಹಿಡಿದು ಬಂದ ಅಮ್ಮ ಚಿತ್ರ ನೋಡಿ ಮೂತಿ ತಿರುವಿದಳು.

"ಯಾವ ತಾಯಿ ಹೆತ್ತಳೋ ಇವಳನ್ನ. ನನ್ನ ಮಗಳ ಬಾಯಿಂದ ತುತ್ತು ಕಿತ್ಕೊಂಡ್ಲು."

"ಯಾವ ತಾಯಿನೂ ಹೆತ್ತಿಲ್ಲಮ್ಮ," ಅಂದಳು ಬಾಗಿಲಲ್ಲಿ ನಿಂತಿದ್ದ ಅಕ್ಕ. "ಹೊಕ್ಕುಳು ಎಲ್ಲಿದೆ ನೋಡು."

ಅಮ್ಮ ತಟ್ಟೆ ಕೆಳಗಿಟ್ಟು ಕನ್ನಡಕ ಏರಿಸಿದಳು. ಸುಂದರಿಯ ಹೊಟ್ಟೆ ಹೊಸದಾಗಿ ಸುಣ್ಣ ಬಳಿದ ಗೋಡೆಯ ಹಾಗೆ ನುಣ್ಣಗಿತ್ತು. "ಹೌದಲ್ಲೇ. ಬಳ್ಳಿ ಕತ್ತರಿಸಿದ ಗುರುತೇ ಇಲ್ಲ."

ತಂಗಿ ಪುಟಕ್ಕೆ ಮೂಗು ತಾಗಿಸಿ ಹುಡುಕಿದಳು. ಅವಳ ಮುಖ ಕೆಂಪಾಯಿತು. ಈಗ ಸಿಟ್ಟಾದರೆ ಈ ಹುಡುಗಿ ಇನ್ನು ಯಾರ ಮಾತಿಗೂ ಬಾಗಿಲು ತೆಗೆಯುವವಳಲ್ಲ. ಅಕ್ಕ ಸರಕ್ಕನೆ ಕೆನ್ನೆ ಉಬ್ಬಿಸಿ, ಬಾಯಿ ತುಂಬ ತಿಂಡಿ ತುರುಕಿಕೊಂಡ ಸಂಪಾದಕರ ದನಿ ತೆಗೆದಳು: "ಇನ್ನೊಂಚೂರು ಒಳಗೆ ತಗೊಳ್ಳಮ್ಮ. ಹೊಕ್ಕುಳು ಬೆನ್ನಿಂದ ಆಚೆ ಬಂದ್ರೂ ಪರವಾಗಿಲ್ಲ."

ತಂಗಿಯ ತುಟಿಯಂಚು ಅದುರಿತು. ಚಿತ್ರದ ಕೆಳಗೆ ಉಪಸಂಪಾದಕನ ಈ ವಾರದ ದಪ್ಪಕ್ಷರ ಕಣ್ಣಿಗೆ ಬಿತ್ತು.

"ಹುಟ್ಟು ಸುಂದರಿ," ಎಂದು ಓದಿದಳು. "ಅಕ್ಕಾ... ಹುಟ್ಟು..."

ಮುಂದೆ ಮಾತು ಹೊರಡಲಿಲ್ಲ, ನಗು ಹೊರಟಿತು. ಅಮ್ಮ ನಕ್ಕಳು, ಅಕ್ಕ ನಕ್ಕಳು. ತಂಗಿಯ ನಗು ಅವೆರಡನ್ನೂ ಮುಳುಗಿಸಿ ಪಕ್ಕದ ಮನೆಯ ಕಿಟಕಿ ತೆರೆಸಿತು. ಗದ್ದದ ಹೊಲಿಗೆ ಎಳೆಯುತ್ತಿದ್ದರೂ ನಿಲ್ಲಿಸಲಾಗದೆ, ಹಾಸಿಗೆಯ ಮೇಲೆ ಕುಸಿದು ಹೊಟ್ಟೆ ಹಿಡಿದುಕೊಳ್ಳಲು ಹೋದಳು. ಹಿಡಿಯಲು ಅಲ್ಲಿ ಹೆಚ್ಚೇನೂ ಸಿಗಲಿಲ್ಲ.

"ಅಮ್ಮ, ಆ ತಟ್ಟೆ ಇಲ್ಲಿ ಕೊಡು," ಎಂದಳು ಉಸಿರು ಸಿಕ್ಕಾಗ. "ನಗೋದಕ್ಕೂ ಹೊಟ್ಟೇಲಿ ಏನಾದ್ರೂ ಇರ್ಬೇಕು." ಎಂದವಳೇ ಮತ್ತೆ ಬಿದ್ದು ಬಿದ್ದು ನಕ್ಕಳು.