ತವರಿನ ಡಬ್ಬಿ

ಸೋನುಬಾಯಿಯ ಪ್ರಕಾರ ಕುಡಿತ ಅವಳ ಗಂಡನ ಮನೆತನದ ಆಸ್ತಿ. ಬೇರೆ ಆಸ್ತಿ ಆ ಮನೆಯಲ್ಲಿ ಇರಲಿಲ್ಲವಾದ್ದರಿಂದ ಪಾಲು ಹಂಚಿಕೊಳ್ಳುವಾಗ ಜಗಳವೂ ಆಗಲಿಲ್ಲ. ಮಾವ ಕುಡಿದ. ಗಂಡ ನರಸಿಂಗ ಕುಡಿದು ನಲವತ್ತೆರಡಕ್ಕೆ ತೀರಿಕೊಂಡ. ಈಗ ಹಿರಿಯ ಮಗ ಕಪಿಲ. "ಅವರ ರಕ್ತದಾಗೇ ಅದ" ಎಂದು ರಾಜೇಶ್ವರದ ಓಣಿಯಲ್ಲಿ ಯಾರು ಕೇಳಿದರೂ, ಕೇಳದಿದ್ದರೂ, ಹೇಳುತ್ತಿದ್ದಳು. ನಿರ್ಣಾದ ತನ್ನ ತವರು ಮಾತ್ರ ಅಪ್ಪಟ ಚಿನ್ನ.

ಭಾನುವಾರ ಬುದ್ಧವಿಹಾರದಲ್ಲಿ, ಅಮಲಿನ ಪದಾರ್ಥ ಮುಟ್ಟುವುದಿಲ್ಲ ಎನ್ನುವ ಐದನೇ ಶೀಲ ಬಂದಾಗ ಸೋನುಬಾಯಿಯ ದನಿ ಎಲ್ಲರಿಗಿಂತ ಒಂದು ಕೈ ಮೇಲೆ. ಅದಕ್ಕೆ ಮುಂಚೆ ಹೊರಗಿನ ಕಟ್ಟೆಯ ಮೇಲೆ ಕೂತು, ಹಲ್ಲಿಗೆ ಮಿಸ್ರಿ ತಿಕ್ಕಿ, ಬಾಯಿ ಮುಕ್ಕಳಿಸಿಯೇ ಒಳಗೆ ಬರುತ್ತಿದ್ದಳು. ತಂಬಾಕನ್ನು ಹಂಚಿನ ಮೇಲೆ ಕಪ್ಪಗೆ ಹುರಿದು ಪುಡಿ ಮಾಡಿದರೆ ಮಿಸ್ರಿ. ಓಣಿಯ ಹೆಂಗಸರು ಅದನ್ನು ಹಲ್ಲುಪುಡಿಯ ಲೆಕ್ಕಕ್ಕೆ ಹಿಡಿದಿದ್ದರು. ದಿನಕ್ಕೆ ಆರು ಸಲ ಹಲ್ಲುಜ್ಜುವವರು ಇನ್ನೆಲ್ಲಿದ್ದಾರೆ ಎಂದು ಯಾರೂ ಕೇಳಿರಲಿಲ್ಲ.

ಕಪಿಲ ಮತ್ತು ಅವನ ತಮ್ಮ ಕುನಾಲ ಇಬ್ಬರೂ ಬಸವಕಲ್ಯಾಣದ ಒಂದೇ ಲಾರಿ ಗ್ಯಾರೇಜಿನಲ್ಲಿ ವೆಲ್ಡಿಂಗ್ ಕೆಲಸಕ್ಕಿದ್ದರು. ಮೊದಲ ಸಲ ಕುಡಿದದ್ದೂ ಒಂದೇ ದಿನ, ಒಂದೇ ಬಾಟಲಿಯಿಂದ. ಕುನಾಲ ವಾಂತಿ ಮಾಡಿಕೊಂಡು ಮಲಗಿದವನು ಮತ್ತೆ ಅದರ ಸುದ್ದಿಗೆ ಹೋಗಲಿಲ್ಲ. ಕಪಿಲ ಮರುದಿನ ಬೆಳಿಗ್ಗೆ ಎದ್ದು "ಇನ್ನೂ ಅದ ಏನು?" ಎಂದು ಕೇಳಿದ್ದ. ಹನ್ನೆರಡು ವರ್ಷದ ಮೇಲೆ, ಕೈ ನಡುಗಿ ವೆಲ್ಡಿಂಗ್ ಆಗದಂತಾದಾಗ, ಹೆಂಡತಿ ಆಮ್ರಪಾಲಿ ಅವನನ್ನು ಹುಮನಾಬಾದಿನ ವ್ಯಸನಮುಕ್ತಿ ಕೇಂದ್ರಕ್ಕೆ ಸೇರಿಸಿದಳು. "ಒಂದು ತಿಂಗಳು ಪೂರಾ ಇದ್ದು ಬರ್ಲಿ. ನಡುವ ಬಂದ್ರ ನಾ ಮಗಳು ಪ್ರಣಿತಾನ ಕರ್ಕೊಂಡು ಹುಲಸೂರಿಗೆ ತವರಿಗೆ ಹೋಗ್ತೀನಿ, ಮತ್ತ ಬರಂಗಿಲ್ಲ" ಎಂದಳು. ಆಮ್ರಪಾಲಿ ಹೇಳಿದ್ದನ್ನು ಮಾಡುವವಳು.

ಒಂಬತ್ತನೇ ದಿನ ಕಪಿಲ ತಾಯಿಗೆ ಫೋನು ಮಾಡಿಸಿದ. ಬಂದು ಕರೆದುಕೊಂಡು ಹೋಗು, ಇದು ತನ್ನಿಂದಾಗದು ಎಂದ. ಸೋನುಬಾಯಿ ಸೊಸೆಗೆ ಹೇಳದೆ ಬಸ್ಸು ಹತ್ತಿದಳು. ಮಗನಿಗೆ ನಾಲ್ಕು ಮಾತು ಬೈದು ಅಲ್ಲೇ ಕೂರಿಸಿ ಬರುವುದು ಅವಳ ಯೋಚನೆ. ಬೈಗುಳದಲ್ಲಿ ಅವಳಿಗೆ ಒಳ್ಳೆಯ ಹಿಡಿತವಿತ್ತು.

ಕೇಂದ್ರದ ಗೇಟಿನಲ್ಲಿ ಕಾವಲುಗಾರ ಬಂದೇನವಾಜ್ ಚೀಲ ತಡಕಿ ಹಿತ್ತಾಳೆಯ ಡಬ್ಬಿಯೊಂದನ್ನು ಹೊರತೆಗೆದ.

"ಇದು ಒಳಗ ಬಿಡಂಗಿಲ್ಲ ಅಮ್ಮಾ."

"ಅದು ಹಲ್ಲಿಗೆ ಹಚ್ಚೋದಪ್ಪ. ನಮ್ಮವ್ವನ ಡಬ್ಬಿ."

"ಹಲ್ಲಿಗೇ ಹಚ್ರಿ, ಹೊರಗ ಬಂದ ಮ್ಯಾಲೆ" ಎಂದು ಅವನು ಡಬ್ಬಿಯನ್ನು ಕಿಟಕಿಯಲ್ಲಿಟ್ಟ.

ಒಳಗೆ ಸಮಾಲೋಚಕಿ ರತ್ನಮಾಲಾ ಕಪಿಲನನ್ನೂ ಎದುರಿಗೆ ಕೂರಿಸಿಕೊಂಡು ಮನೆತನದ ವಂಶವೃಕ್ಷ ಬರೆಯಲು ದೊಡ್ಡ ಹಾಳೆಯೊಂದನ್ನು ಹರಡಿದಳು. ಗಂಡಸರಿಗೆ ಚೌಕ, ಹೆಂಗಸರಿಗೆ ಸುತ್ತು. ಚಟ ಇದ್ದವರಿಗೆ ಮಸಿ ತುಂಬುವುದು. ಗಂಡನ ಕಡೆಯವರನ್ನು ಸೋನುಬಾಯಿ ಉತ್ಸಾಹದಿಂದ ಹೇಳಿದಳು. ಮಾವ, ಗಂಡ, ಇಬ್ಬರು ಮೈದುನರು. ಸತ್ತವರನ್ನೂ ಬಿಡಲಿಲ್ಲ. ಹಾಳೆಯ ಆ ಮಗ್ಗುಲು ಪೂರ್ತಿ ಕಪ್ಪಾಯಿತು.

"ನಿಮ್ಮ ತವರಿನ ಕಡಿ ಹ್ಯಾಂಗ್ರಿ?"

"ಒಬ್ಬರೂ ಇಲ್ಲ. ನಮ್ಮ ಮಂದಿ ಒಂದು ಹನಿ ಮುಟ್ಟಿದವರಲ್ಲ."

ಮಾತು ಒಂದು ತಾಸು ನಡೆಯಿತು. ಎರಡನೆಯ ತಾಸಿಗೆ ಸೋನುಬಾಯಿಯ ಬೆರಳು ಸೆರಗಿನ ಗಂಟು ಹುಡುಕತೊಡಗಿತು. ನೀರು ಕೇಳಿದಳು. ಫ್ಯಾನು ಜೋರು ಮಾಡಿ ಎಂದಳು. ಮಗನ ಮೇಲೆ ಸುಮ್ಮಸುಮ್ಮನೆ ರೇಗಿದಳು. ಕಡೆಗೆ ಎದ್ದು, ಐದು ನಿಮಿಷ ಗೇಟಿನ ತನಕ ಹೋಗಿ ಬರುತ್ತೇನೆ ಎಂದಳು.

ರತ್ನಮಾಲಾ ತಡೆಯಲಿಲ್ಲ, ಅವಳ ಕಪ್ಪಿಟ್ಟ ಹಲ್ಲು ನೋಡಿದಳು. "ಎಷ್ಟು ವರ್ಷದಿಂದ ಮಿಸ್ರಿ ಹಚ್ತೀರಿ?" ಎಂದಷ್ಟೇ ಕೇಳಿದಳು.

"ಎಂಟು ವರ್ಷದಾಕಿ ಇದ್ದಾಗಿಂದ. ಹಲ್ಲು ನೋವಿಗೆ ಅವ್ವ ಹಚ್ಚಿದ್ಲು."

"ಅವ್ವನೂ ಹಚ್ತಿದ್ರೇನು? ಅಕ್ಕ-ತಂಗಿಯರು?"

"ಎಲ್ಲಾರೂ" ಎಂದು ಬಾಯಿಂದ ಹೊರಬಿದ್ದ ಮೇಲೆ ಸೋನುಬಾಯಿ ಹಾಳೆಯ ಕಡೆ ನೋಡಿದಳು. ರತ್ನಮಾಲಾ ಒಂದೊಂದೇ ಸುತ್ತಿಗೆ ಮಸಿ ತುಂಬುತ್ತಿದ್ದಳು. ಮೊದಲು ತಾಯಿ, ಆಮೇಲೆ ಇಬ್ಬರು ಅಕ್ಕಂದಿರು. ಕೊನೆಗೆ ಕಪಿಲನ ಚೌಕದ ನೆತ್ತಿಯ ಮೇಲಿದ್ದ ಸುತ್ತು, ಅವಳದೇ. ಸೋನುಬಾಯಿಗೆ ಮೈಯೆಲ್ಲ ಉರಿದುಹೋಯಿತು, ನಾಚಿಕೆಯೂ ಆಯಿತು.

ಕಪಿಲ ನಕ್ಕ. "ಎರಡೂ ಕಡಿಯಿಂದ ಬಂತಲ್ಲ ಯವ್ವಾ. ಮುಗೀತು. ನಡಿ ಮನಿಗೆ ಹೋಗೋಣ."

"ಮುಗಿಯೋದೇನು?" ಎಂದಳು ರತ್ನಮಾಲಾ. "ತೊಗರಿ ಹಾಕ್ತೀರಿ. ಗಿಡ ಒಣಗಿಸೋ ನೆಟೆ ರೋಗಕ್ಕ ಕೆಲವು ಬೀಜ ಜಲ್ದಿ ಸಿಗ್ತಾವ, ಕೆಲವು ತಡಕೋತಾವ. ನಿಮ್ಮಿಬ್ಬರು ಅಣ್ಣತಮ್ಮರಾಗ ನಿಮಗ ಆ ಪಾಲು ಜಾಸ್ತಿ ಬಂದಿರಬಹುದು. ಆದ್ರ ಮಣ್ಣಿನಾಗ ರೋಗ ಇಲ್ದಿದ್ರ ಎಂಥಾ ಬೀಜಾನೂ ಒಣಗಂಗಿಲ್ಲ. ಅಂಥಾ ಬೀಜಕ್ಕ ಹೊಲ ನೋಡ್ಕೊಂಡು ಹಾಕಬೇಕು, ಅಷ್ಟೇ. ಮಕ್ಕಳ ವಿಷಯದಾಗೂ ಹಂಗೇ."

ಮಕ್ಕಳು ಎಂದ ಕೂಡಲೇ ಸೋನುಬಾಯಿ ಮತ್ತೆ ಕುರ್ಚಿಯಲ್ಲಿ ಕೂತಳು. ಹೋದ ತಿಂಗಳು ಮೊಮ್ಮಗಳು ಪ್ರಣಿತಾ ಹಲ್ಲು ನೋವೆಂದು ಅತ್ತಾಗ ಇವಳೇ ಬೆರಳ ತುದಿಯಷ್ಟು ಮಿಸ್ರಿ ತಿಕ್ಕಿದ್ದಳು. ಪ್ರಣಿತಾಗೂ ಎಂಟೇ ವರ್ಷ. ನೋವು ಹೋಯಿತು. ಮರುದಿನ ಹುಡುಗಿ ಮತ್ತೆ ಬಂದು, "ಆಯಿ, ನೋವಿಲ್ಲ, ಆದ್ರೂ ಹಚ್ಚು" ಎಂದಿತ್ತು. ಜಾಣೆ ಎಂದು ಇವಳು ನಕ್ಕು ಹಚ್ಚಿದ್ದಳು.

ಅದನ್ನು ಅವಳು ಅಲ್ಲಿ ಹೇಳಲಿಲ್ಲ. ಮಗನಿಗೆ ಇಷ್ಟೇ ಹೇಳಿದಳು: "ನೀ ಇಲ್ಲೇ ಇರು. ನಾನೂ ಬಿಡ್ತೀನಿ."

"ನಿನ್ನ ಕೈಲಿ ಆಗಂಗಿಲ್ಲ."

"ಮನಸ್ಸು ಮಾಡಿದ್ರ ಎಲ್ಲಾ ಆಗ್ತದ" ಎಂದಳು. ಗಂಡನಿಗೂ ಮಗನಿಗೂ ಅವಳು ಮೂವತ್ತು ವರ್ಷ ಹೇಳಿಕೊಂಡು ಬಂದ ಮಾತದು. ಗೇಟಿನಲ್ಲಿ ಬಂದೇನವಾಜ್ ಡಬ್ಬಿ ಚಾಚಿದ. ಇಟ್ಟುಕೋ ಎಂದು ನಡೆದಳು.

ನಾಲ್ಕು ದಿನ ಬಿಟ್ಟು, ಹೊತ್ತು ಮುಳುಗುವ ಮುಂಚೆ ಕಪಿಲನ ಫೋನು ಬಂತು. ಆಮ್ರಪಾಲಿ ನೀರಿಗೆ ಹೋಗಿದ್ದಳು, ಪ್ರಣಿತಾ ಪಕ್ಕದಲ್ಲಿ ಬರೆಯುತ್ತಾ ಕೂತಿತ್ತು.

"ಆಗವಲ್ದು ಯವ್ವಾ. ನಾಳೆ ಬಂದುಬಿಡ್ತೀನಿ."

ಮನಸ್ಸು ಮಾಡು ಎನ್ನುವ ಮಾತು ಸೋನುಬಾಯಿಯ ತುಟಿಯ ತನಕ ಬಂದು ಅಲ್ಲೇ ನಿಂತಿತು.

"ಆಗಂಗಿಲ್ಲಪ್ಪ, ಖರೇ ಅದ" ಎಂದಳು. "ಮೂರು ದಿನ ತಡಕೊಂಡೆ. ನಿನ್ನಿ ಬಾಜೂ ಮನಿ ದ್ರೌಪತಿ ಇಲ್ಲದಾಗ ಒಳಗ ಹೋಗಿ ಆಕಿ ಡಬ್ಬಿ ಕದ್ದು ಹಚ್ಚಿದೆ. ಅರವತ್ತೆರಡು ವರ್ಷದಾಕಿ, ಕದ್ದೆ ನೋಡು. ನಿಮ್ಮಪ್ಪಗ ಎಷ್ಟು ಬೈದೀನಿ ನಾನು."



"ಮತ್ತ ಈಗ?"

"ಇವತ್ತು ಮತ್ತ ಒಂದನೇ ದಿನ. ನಿಂದು ಎಷ್ಟು?"

"ಹದಿಮೂರು."

"ಹಂಗಾರ ನೀ ಮುಂದ ಇದ್ದಿ" ಎಂದಳು ಸೋನುಬಾಯಿ. "ಅಲ್ಲೇ ಇರು. ದಿನಾ ಎಷ್ಟಾತು ಅಂತ ನನಗ ಕೇಳಾಕ ಒಬ್ಬರು ಬೇಕು."

ಪ್ರಣಿತಾ ಪೆನ್ಸಿಲು ಬಿಟ್ಟು ಅಜ್ಜಿಯ ಬಾಯನ್ನೇ ನೋಡುತ್ತಿತ್ತು. ಸೋನುಬಾಯಿ ಫೋನನ್ನು ಕಿವಿಗೆ ಹಿಡಿದುಕೊಂಡೇ ಇದ್ದಳು. ಕಪಿಲ, "ನಾಳೆ ಇದೇ ಟೈಮಿಗೆ ಫೋನ್ ಮಾಡ್ತೀನಿ, ಎರಡು ಅಂತ ಹೇಳಬೇಕು ನೋಡು" ಎಂದ.